ಚೋಕಿನೊಳಗಿನ ಕಾಗದ: ಕಾಂತೀಯ ಮಂಡಲದ ಲೆಕ್ಕ ಹಾಕಿ ಇಂಡಕ್ಟರ್ ಸುತ್ತುವ ಬಗೆ

ಹೈಸ್ಕೂಲಿನಲ್ಲಿದ್ದಾಗ ಹಳೆಯ ಟ್ಯೂಬ್‌ಲೈಟ್ ಪಟ್ಟಿಯಿಂದ ಚೋಕ್ ಬಿಚ್ಚಿದ್ದೆ. ಡಾಂಬರಿನಂಥ ಕಪ್ಪು ಮೇಣ ಕೆರೆದು ತೆಗೆದರೆ ಒಳಗೆ ತಾಮ್ರದ ತಂತಿಯ ಸುರುಳಿ, ತೆಳು ತಗಡುಗಳ ಅಡುಕು, ಮತ್ತು ತಗಡಿನ ಎರಡು ಗುಂಪುಗಳ ನಡುವೆ ಸಿಕ್ಕಿಕೊಂಡ ದಪ್ಪ ಕಾಗದದ ಚೂರು. ಯಾರೋ ಮರೆತು ಬಿಟ್ಟ ಕಸ ಅಂದುಕೊಂಡು ಕಾಗದ ಎಸೆದೆ. ತಗಡುಗಳನ್ನು ಬಿಗಿಯಾಗಿ ಕೂರಿಸಿ, ಹಳೆಯದಕ್ಕಿಂತ ಚೆನ್ನಾಗಿ ಮಾಡಿದೆ ಎಂಬ ಹೆಮ್ಮೆಯಲ್ಲಿ ಹಚ್ಚಿದರೆ ಟ್ಯೂಬಿನ ಎರಡು ತುದಿ ಮಂಕಾಗಿ ಕೆಂಪಾದವೇ ಹೊರತು ದೀಪ ಹೊತ್ತಲಿಲ್ಲ. ಆ ಕಾಗದ ಅಲ್ಲಿ ಏನು ಮಾಡುತ್ತಿತ್ತು ಎಂದು ತಿಳಿಯಲು ನನಗೆ ಎಂಜಿನಿಯರಿಂಗ್ ಎರಡನೇ ವರ್ಷದವರೆಗೆ ಕಾಯಬೇಕಾಯಿತು. ಪಾಠದಲ್ಲೂ ಅದು ‘ಏರ್ ಗ್ಯಾಪ್’ ಎಂಬ ಹೆಸರಿನಲ್ಲಿ ಒಂದು ಸೂತ್ರವಾಗಿ ಬಂದು ಹೋಯಿತು, ಅಷ್ಟೆ.

ಈ ಬರಹದಲ್ಲಿ ಅಂಥದ್ದೇ ಒಂದು ಇಂಡಕ್ಟರನ್ನು (ಕರೆಂಟಿನ ಏರಿಳಿತಕ್ಕೆ ಅಡ್ಡಿ ಒಡ್ಡುವ ಸುರುಳಿ, ಚೋಕೂ ಅದೇ) ಮೊದಲಿಂದ ಕೊನೆಯವರೆಗೆ ಲೆಕ್ಕ ಹಾಕಿ, ಸುತ್ತಿ, ಅಳೆದು ನೋಡೋಣ. ಕಬ್ಬಿಣ, ತಾಮ್ರ, ಖಾಲಿ ಜಾಗ ಈ ಮೂರರಲ್ಲಿ ನಿಜವಾದ ಕೆಲಸ ಯಾರದು ಎಂಬುದು ಅಂಕಿಗಳಿಂದಲೇ ಹೊರಬೀಳುತ್ತದೆ. ಪಿಯುಸಿ ಮಟ್ಟದ ಗಣಿತ ಸಾಕು.

ಶುರು ಮಾಡುವ ಮುಂಚೆ: ನಾಲ್ಕು ಪದ

ಸುರುಳಿಯಲ್ಲಿ ಕರೆಂಟ್ ಹರಿದರೆ ಅದು ಕಾಂತ ರೇಖೆಗಳನ್ನು ತಳ್ಳುತ್ತದೆ. ಈ ತಳ್ಳುವ ಬಲದ ಹೆಸರು ಎಂಎಂಎಫ್. ಅಳತೆ ಸುಲಭ: ಸುತ್ತುಗಳ ಸಂಖ್ಯೆಯನ್ನು ಆಂಪಿಯರಿನಿಂದ ಗುಣಿಸಿ. 1000 ಸುತ್ತಿನಲ್ಲಿ ಅರ್ಧ ಆಂಪಿಯರ್ ಹರಿದರೆ 500 ಆಂಪಿಯರ್-ಸುತ್ತು.

ತಳ್ಳಿದ್ದರಿಂದ ಹರಿಯುವುದು ಫ್ಲಕ್ಸ್. ಅದರ ಅಳತೆ ವೆಬರ್. ಒಂದು ಚದರ ಮೀಟರಿನಲ್ಲಿ ಎಷ್ಟು ವೆಬರ್ ಹಾಯುತ್ತದೆ ಎಂಬುದು ಫ್ಲಕ್ಸ್ ಸಾಂದ್ರತೆ. ಅದರ ಅಳತೆ ಟೆಸ್ಲಾ. ಫ್ಲಕ್ಸಿನ ದಾರಿಗೆ ಅಡ್ಡಿಯಾಗುವುದು ರಿಲಕ್ಟೆನ್ಸ್. ದಾರಿ ಉದ್ದವಾದಷ್ಟೂ ಅಡ್ಡಿ ಹೆಚ್ಚು, ಅಗಲವಾದಷ್ಟೂ ಕಡಿಮೆ:

ರಿಲಕ್ಟೆನ್ಸ್ = ದಾರಿಯ ಉದ್ದ ÷ (ಮ್ಯೂ-ಸೊನ್ನೆ × ಸಾಪೇಕ್ಷ ಪರ್ಮಿಯಬಿಲಿಟಿ × ಅಡ್ಡಕೊಯ್ತದ ವಿಸ್ತೀರ್ಣ)

ಪರ್ಮಿಯಬಿಲಿಟಿ ಎಂದರೆ ಒಂದು ವಸ್ತು ಫ್ಲಕ್ಸಿಗೆ ಎಷ್ಟು ಸಲೀಸಾಗಿ ದಾರಿ ಬಿಡುತ್ತದೆ ಎಂಬುದು. ಮ್ಯೂ-ಸೊನ್ನೆ ಎಂಬುದು ಖಾಲಿ ಜಾಗದ ಪರ್ಮಿಯಬಿಲಿಟಿ: 4 × ಪೈ × 10⁻⁷. ಗಾಳಿ, ಕಾಗದ, ಮರ, ಪ್ಲಾಸ್ಟಿಕ್ ಎಲ್ಲದರ ಸಾಪೇಕ್ಷ ಪರ್ಮಿಯಬಿಲಿಟಿ ಹೆಚ್ಚುಕಮ್ಮಿ 1. ಆದ್ದರಿಂದಲೇ ಚೋಕಿನೊಳಗಿನ ಕಾಗದವನ್ನು ‘ಏರ್ ಗ್ಯಾಪ್’ ಎನ್ನುವುದು. ಫ್ಲಕ್ಸಿನ ಕಣ್ಣಿಗೆ ಕಾಗದವೂ ಒಂದೇ, ಗಾಳಿಯೂ ಒಂದೇ. ಸಿಲಿಕಾನ್ ಸ್ಟೀಲ್ ತಗಡಿನದು ಕೆಲವು ಸಾವಿರ.

ಇಷ್ಟಾದರೆ ಓಮ್ ನಿಯಮದಂಥದ್ದೇ ಒಂದು ನಿಯಮ ಸಿಗುತ್ತದೆ: ಫ್ಲಕ್ಸ್ = ಎಂಎಂಎಫ್ ÷ ರಿಲಕ್ಟೆನ್ಸ್. 1886ರಲ್ಲಿ ಜಾನ್ ಮತ್ತು ಎಡ್ವರ್ಡ್ ಹಾಪ್ಕಿನ್ಸನ್ ಸೋದರರು ಡೈನಮೋ ವಿನ್ಯಾಸಕ್ಕೆ ಈ ಲೆಕ್ಕವನ್ನು ಬಳಸಿ ತೋರಿಸಿದರು. ಇಂಡಕ್ಟೆನ್ಸ್, ರಿಲಕ್ಟೆನ್ಸ್ ಎಂಬ ಹೆಸರುಗಳು ಅದೇ ದಶಕದಲ್ಲಿ ಆಲಿವರ್ ಹೆವಿಸೈಡ್ ಕೊಟ್ಟವು. ಆತ 16ಕ್ಕೇ ಶಾಲೆ ಬಿಟ್ಟ ಟೆಲಿಗ್ರಾಫ್ ಆಪರೇಟರ್. ಪರೀಕ್ಷೆಯಲ್ಲಿ ಈ ಪದಗಳನ್ನು ಉರು ಹೊಡೆಯುವಾಗ ಈ ಸಂಗತಿ ನನಗೆ ಸ್ವಲ್ಪ ಸಮಾಧಾನ ಕೊಡುತ್ತಿತ್ತು.

ಓಮ್ ನಿಯಮದ ಹೋಲಿಕೆಯನ್ನು ಪೂರ್ತಿ ನಂಬಬೇಡಿ. ತಾಮ್ರಕ್ಕೂ ರಬ್ಬರಿಗೂ ವಿದ್ಯುತ್ತಿನ ವಿಷಯದಲ್ಲಿ ಇರುವ ವ್ಯತ್ಯಾಸ ಎಣಿಕೆಗೆ ಮೀರಿದ್ದು. ಕಬ್ಬಿಣಕ್ಕೂ ಗಾಳಿಗೂ ಇರುವುದು ಕೆಲವು ಸಾವಿರ ಪಟ್ಟು ಮಾತ್ರ. ಅಂದರೆ ಫ್ಲಕ್ಸಿಗೆ ಇನ್ಸುಲೇಷನ್ ಇಲ್ಲ. ಅಲ್ಪಸ್ವಲ್ಪ ಸೋರುತ್ತಲೇ ಇರುತ್ತದೆ. ಜೊತೆಗೆ ಕಬ್ಬಿಣಕ್ಕೆ ಒಂದು ಮಿತಿ ಇದೆ. ಸಿಲಿಕಾನ್ ಸ್ಟೀಲಿನಲ್ಲಿ 1.5 ಟೆಸ್ಲಾ ದಾಟುತ್ತಿದ್ದಂತೆ ಪರ್ಮಿಯಬಿಲಿಟಿ ಕುಸಿಯತೊಡಗುತ್ತದೆ. ಇದೇ ಸ್ಯಾಚುರೇಷನ್. ಮುಂದಿನ ಹೆಜ್ಜೆಗಳೆಲ್ಲ ಈ ಮಿತಿಯ ಒಳಗೆ ಇರುವ ಕಸರತ್ತು.

ಹೆಜ್ಜೆ 1: ಎಷ್ಟು ಹೆನ್ರಿ, ಎಷ್ಟು ಆಂಪಿಯರ್?

ಕೋರ್ (ಸುರುಳಿಯೊಳಗಿನ ಕಬ್ಬಿಣ) ಕೊಳ್ಳುವ ಮೊದಲು ಈ ಎರಡು ಅಂಕಿ ಕೈಯಲ್ಲಿರಬೇಕು. ಹೆನ್ರಿ ಎಂಬುದು ಇಂಡಕ್ಟೆನ್ಸಿನ ಅಳತೆ. ಬರೀ ಹೆನ್ರಿ ಹೇಳಿ ಇಂಡಕ್ಟರ್ ಕೇಳುವುದು, ಎತ್ತರ ಮಾತ್ರ ಹೇಳಿ ಅಂಗಿ ಹೊಲಿಸಿದ ಹಾಗೆ.

40 ವ್ಯಾಟ್ ಟ್ಯೂಬ್‌ಲೈಟಿನ ಕರೆಂಟ್ ಸುಮಾರು 0.43 ಆಂಪಿಯರ್. ಅದರ ಚೋಕ್ 50 ಹರ್ಟ್ಸ್‌ನಲ್ಲಿ 390 ಓಮ್ ಆಸುಪಾಸಿನ ಅಡ್ಡಿ ಒಡ್ಡುತ್ತದೆ. ನಾವು 1.2 ಹೆನ್ರಿ ಗುರಿ ಇಟ್ಟುಕೊಳ್ಳೋಣ. ಕೋರ್ ನೋಡುವುದು ಶಿಖರ ಕರೆಂಟನ್ನು, ಮೀಟರ್ ತೋರಿಸುವ ಆರ್‌ಎಂಎಸ್ (ಏರಿಳಿಯುವ ಕರೆಂಟಿನ ಒಂದು ಬಗೆಯ ಸರಾಸರಿ) ಅನ್ನಲ್ಲ. ಹಾಗಾಗಿ 0.43 × 1.414 = 0.61 ಆಂಪಿಯರ್. ಇದನ್ನು ಮರೆತರೆ ಮುಂದಿನ ಪ್ರತಿ ಲೆಕ್ಕವೂ ಶೇ 40ರಷ್ಟು ಎಡವುತ್ತದೆ.

ಇದು ಕಲಿಕೆಗೆ ಸುತ್ತುವ ಇಂಡಕ್ಟರ್. ಮನೆಯ ದೀಪಕ್ಕೆ ಹಚ್ಚಬೇಡಿ.

ಹೆಜ್ಜೆ 2: ಸ್ಟಾಂಪಿಂಗ್ ಅಳೆಯಿರಿ

ಟ್ರಾನ್ಸ್‌ಫಾರ್ಮರ್ ಅಂಗಡಿಗಳಲ್ಲಿ ತಗಡುಗಳನ್ನು ‘ಸ್ಟಾಂಪಿಂಗ್’ ಎಂದೇ ಕೇಳಬೇಕು. ಸುಟ್ಟುಹೋದ ಹಳೆಯ ಸ್ಟೆಪ್‌ಡೌನ್ ಟ್ರಾನ್ಸ್‌ಫಾರ್ಮರಿನದೂ ಆದೀತು. ಇಂಗ್ಲಿಷಿನ ಇ ಅಕ್ಷರದ ಆಕಾರದ ತಗಡು, ಅದರ ಬಾಯಿ ಮುಚ್ಚಲು ಐ ಆಕಾರದ ಪಟ್ಟಿ. ನಾನು ತೆಗೆದುಕೊಂಡದ್ದು 60 ಮಿಮೀ ಅಗಲದ್ದು. ಅದರ ಅಳತೆ:

- ನಡುಗಾಲಿನ ಅಗಲ 20 ಮಿಮೀ, ಪಕ್ಕದ ಕಾಲುಗಳು ತಲಾ 10 ಮಿಮೀ
- ತಂತಿ ಕೂರುವ ಕಿಟಕಿ 10 × 30 ಮಿಮೀ
- ಅಡುಕಿನ ದಪ್ಪ 30 ಮಿಮೀ ಕಬ್ಬಿಣ
- ಫ್ಲಕ್ಸ್ ಸುತ್ತಿಬರುವ ದಾರಿಯ ಸರಾಸರಿ ಉದ್ದ 120 ಮಿಮೀ (ಈ ಮಾದರಿಯ ತಗಡಿಗೆ ನಡುಗಾಲಿನ ಅಗಲದ ಆರರಷ್ಟು)

ಪಕ್ಕದ ಕಾಲುಗಳು ಅರ್ಧ ಅಗಲ ಏಕೆ? ನಡುಗಾಲಿನ ಫ್ಲಕ್ಸ್ ತುದಿಗೆ ಬಂದು ಎಡಬಲಕ್ಕೆ ಅರ್ಧರ್ಧ ಕವಲೊಡೆಯುತ್ತದೆ, ತೂಬಿನ ನೀರು ಎರಡು ಕಾಲುವೆಗೆ ಹಂಚಿಹೋದಂತೆ. ಅರ್ಧ ಫ್ಲಕ್ಸಿಗೆ ಅರ್ಧ ಅಗಲ ಸಾಕು. ಟೆಸ್ಲಾ ಎಲ್ಲ ಕಡೆ ಒಂದೇ ಇರುತ್ತದೆ. ಆದ್ದರಿಂದ ಇಡೀ ದಾರಿಯ ವಿಸ್ತೀರ್ಣ 20 × 30 = 600 ಚದರ ಮಿಮೀ, ಅಂದರೆ 0.0006 ಚದರ ಮೀಟರ್ ಎಂದು ಹಿಡಿಯಬಹುದು.

ತಗಡಿನ ಮೇಲೆ ವಾರ್ನಿಷ್ ಪದರ ಇರುವುದರಿಂದ ಅಡುಕಿನ ಶೇ 95ರಷ್ಟು ಮಾತ್ರ ನಿಜವಾದ ಕಬ್ಬಿಣ. 30 ಮಿಮೀ ಕಬ್ಬಿಣ ಬೇಕೆಂದರೆ ಸ್ಕೇಲಿನಲ್ಲಿ 31.5 ಮಿಮೀ ಬರುವಷ್ಟು ಜೋಡಿಸಿ.

ಹೆಜ್ಜೆ 3: ಸುತ್ತು ಎಷ್ಟು?

ಇಂಡಕ್ಟೆನ್ಸ್ ಎಂದರೆ ಒಂದು ಆಂಪಿಯರಿಗೆ ಎಷ್ಟು ‘ಫ್ಲಕ್ಸ್ × ಸುತ್ತು’ ಎಂಬ ಲೆಕ್ಕ. ಹಾಗಾದರೆ ಇಂಡಕ್ಟೆನ್ಸ್ × ಶಿಖರ ಕರೆಂಟ್ = ಸುತ್ತು × ಶಿಖರ ಫ್ಲಕ್ಸ್. ಫ್ಲಕ್ಸಿಗೆ ಮಿತಿ ಹಾಕುವುದು ಕಬ್ಬಿಣ. 1.5 ಟೆಸ್ಲಾವರೆಗೆ ಹೋಗಬಹುದಾದರೂ ನಾನು 1.2ಕ್ಕೆ ನಿಲ್ಲುತ್ತೇನೆ. ಹಳೆಯ ತಗಡು, ಏರುವ ವೋಲ್ಟೇಜ್, ಇವಕ್ಕೆಲ್ಲ ಒಂದಿಷ್ಟು ಜಾಗ ಬಿಡಬೇಕು.

ಸುತ್ತು = (1.2 ಹೆನ್ರಿ × 0.61) ÷ (1.2 ಟೆಸ್ಲಾ × 0.0006) = 1017

1000 ಎಂದು ಇಟ್ಟುಕೊಳ್ಳಿ.

ಹೆಜ್ಜೆ 4: ಕಾಗದ ಎಷ್ಟು ದಪ್ಪ?

ಇಲ್ಲಿ ಸ್ವಲ್ಪ ನಿಧಾನಿಸಿ. ಮೊದಲು ಕಾಗದವೇ ಇಲ್ಲದೆ, ನಾನು ಹೈಸ್ಕೂಲಿನಲ್ಲಿ ಮಾಡಿದ ಹಾಗೆ, ಲೆಕ್ಕ ಹಾಕಿ ನೋಡೋಣ.

ಕಬ್ಬಿಣದ ಪರ್ಮಿಯಬಿಲಿಟಿ 3000 ಎಂದು ಹಿಡಿದರೆ 120 ಮಿಮೀ ದಾರಿಯ ರಿಲಕ್ಟೆನ್ಸ್ ಸುಮಾರು 0.53 ಲಕ್ಷ (ಆಂಪಿಯರ್-ಸುತ್ತು ಪ್ರತಿ ವೆಬರಿಗೆ). ಇಂಡಕ್ಟೆನ್ಸ್‌ನ ಸೂತ್ರ:

ಇಂಡಕ್ಟೆನ್ಸ್ = ಸುತ್ತು × ಸುತ್ತು ÷ ರಿಲಕ್ಟೆನ್ಸ್

ಸುತ್ತಿನ ವರ್ಗ ಏಕೆಂದರೆ, ಸುತ್ತು ಎರಡು ಪಟ್ಟಾದರೆ ತಳ್ಳುವ ಬಲ ಎರಡು ಪಟ್ಟಾಗಿ ಫ್ಲಕ್ಸ್ ಎರಡು ಪಟ್ಟಾಗುತ್ತದೆ. ಆ ಹೆಚ್ಚಿದ ಫ್ಲಕ್ಸ್ ಮತ್ತೆ ಎರಡು ಪಟ್ಟು ಸುತ್ತುಗಳ ಒಳಗೆ ಹಾಯುತ್ತದೆ. ನಮ್ಮ 1000 ಸುತ್ತಿನ ವರ್ಗ 10 ಲಕ್ಷ. 10 ÷ 0.53 = ಸುಮಾರು 19 ಹೆನ್ರಿ.

ಕೇಳಿದ್ದು 1.2, ಸಿಕ್ಕಿದ್ದು 19. ಲಾಭವಾಯಿತಲ್ಲ ಅನ್ನಿಸಬಹುದು. ಆದರೆ ಈ ಕೋರ್ 1.5 ಟೆಸ್ಲಾ ಮುಟ್ಟಲು ಬೇಕಾದ ಫ್ಲಕ್ಸ್ 0.9 ಮಿಲಿವೆಬರ್, ಅದಕ್ಕೆ ಬೇಕಾದ ಎಂಎಂಎಫ್ ಬರೀ 48 ಆಂಪಿಯರ್-ಸುತ್ತು, 1000 ಸುತ್ತಿನಲ್ಲಿ ಅದು 48 ಮಿಲಿಆಂಪಿಯರ್. ನಮಗೆ ಬೇಕಾದ್ದು 610. ಅದರ ಹನ್ನೆರಡನೇ ಒಂದು ಭಾಗಕ್ಕೇ ಕಬ್ಬಿಣ ತುಂಬಿಹೋಯಿತು. ನನ್ನ ಟ್ಯೂಬ್ ಹೊತ್ತದೇ ಇದ್ದದ್ದೂ ಇದೇ ಕಾರಣಕ್ಕೆ: ಕಾಗದವಿಲ್ಲದ ಚೋಕ್ ಮೊದಲು ಕರೆಂಟನ್ನು ಬಿಡದೆ ಹಿಡಿದಿತ್ತು, ಬಿಟ್ಟಾಗ ಆಕಾರಗೆಟ್ಟು ಬಿಟ್ಟಿತ್ತು.

ಈಗ ಗ್ಯಾಪ್ ಸೇರಿಸಿ. 1.2 ಹೆನ್ರಿಗೆ ಒಟ್ಟು ರಿಲಕ್ಟೆನ್ಸ್ 10 ÷ 1.2 = 8.33 ಲಕ್ಷ ಬೇಕು. ಅದರಲ್ಲಿ ಕಬ್ಬಿಣದ 0.53 ಕಳೆದರೆ ಉಳಿದ 7.8 ಲಕ್ಷ ಗ್ಯಾಪಿನದಾಗಬೇಕು. ಲೆಕ್ಕ ತಿರುಗಿಸಿದರೆ ಗ್ಯಾಪಿನ ಉದ್ದ 0.59 ಮಿಮೀ. ಸುಲಭಕ್ಕೆ 0.6 ಎನ್ನೋಣ.

ಎಲ್ಲರೂ ಒಮ್ಮೆಯಾದರೂ ಎಡವುವ ಜಾಗ ಇದು: ಕಾಗದದ ದಪ್ಪ 0.6 ಅಲ್ಲ, 0.3 ಮಿಮೀ. ಫ್ಲಕ್ಸ್ ನಡುಗಾಲಿನಿಂದ ಐ ಪಟ್ಟಿಗೆ ಹಾರುವಾಗ ಒಮ್ಮೆ ಕಾಗದ ದಾಟುತ್ತದೆ, ಪಟ್ಟಿಯಿಂದ ಪಕ್ಕದ ಕಾಲಿಗೆ ಇಳಿಯುವಾಗ ಮತ್ತೊಮ್ಮೆ. 0.3 ಮಿಮೀ ಎಂದರೆ ಜೆರಾಕ್ಸ್ ಅಂಗಡಿಯ ಎ4 ಹಾಳೆ ಮೂರು.

0.6 ಮಿಮೀ ಗ್ಯಾಪಿನ ರಿಲಕ್ಟೆನ್ಸ್ 7.96 ಲಕ್ಷ. ಒಟ್ಟು 8.49 ಲಕ್ಷ. ಇಂಡಕ್ಟೆನ್ಸ್ 1.18 ಹೆನ್ರಿ. ಫ್ಲಕ್ಸ್ 610 ÷ 8.49 ಲಕ್ಷ = 0.72 ಮಿಲಿವೆಬರ್, ಸಾಂದ್ರತೆ 1.2 ಟೆಸ್ಲಾ. ಲೆಕ್ಕ ಕೂಡಿಬಂತು.

ಈ ಅಂಕಿಗಳನ್ನು ಇನ್ನೊಮ್ಮೆ ನೋಡಿ. 120 ಮಿಮೀ ಉದ್ದದ ಕಬ್ಬಿಣ ಒಡ್ಡುವ ಅಡ್ಡಿ ಶೇ 6, 0.6 ಮಿಮೀ ಗ್ಯಾಪ್ ಒಡ್ಡುವುದು ಶೇ 94. ಶಕ್ತಿ ಕೂಡ ಇದೇ ಪಾಲಿನಲ್ಲಿ ಹಂಚಿಹೋಗುತ್ತದೆ. ಶಿಖರ ಕರೆಂಟಿನಲ್ಲಿ ಈ ಇಂಡಕ್ಟರಿನಲ್ಲಿ ಕೂಡಿಟ್ಟ ಶಕ್ತಿ, ಅರ್ಧ × 1.18 × 0.61 × 0.61, ಸುಮಾರು 0.22 ಜೂಲ್. ಅದರಲ್ಲಿ 0.2 ಜೂಲಿಗಿಂತ ಹೆಚ್ಚು ಇರುವುದು ಆ ಕಾಗದದ ಜಾಗದಲ್ಲಿ. ಕಬ್ಬಿಣ ಬರೀ ದಾರಿ. ಕಣಜ ಇರುವುದು ಖಾಲಿ ಸಂದಿಯಲ್ಲಿ. ಸ್ಟಾರ್ಟರ್ ಫಟ್ಟನೆ ಬಿಟ್ಟುಕೊಂಡಾಗ ಟ್ಯೂಬಿಗೆ ಒದೆ ಕೊಟ್ಟು ಹೊತ್ತಿಸುತ್ತಿದ್ದದ್ದೂ ಆ ಕಣಜದ ಕಾಳೇ. ಕರೆಂಟ್ ತಟ್ಟನೆ ನಿಂತರೆ ಇಂಡಕ್ಟರ್ ಅದನ್ನು ಒಪ್ಪದೆ ನೂರಾರು ವೋಲ್ಟ್ ಎಬ್ಬಿಸುತ್ತದೆ.

ಗ್ಯಾಪಿನಿಂದ ಇನ್ನೊಂದು ಉಪಕಾರವೂ ಉಂಟು, ಅದೇ ನನಗೆ ಹೆಚ್ಚು ಇಷ್ಟ. ಕಬ್ಬಿಣದ ಪರ್ಮಿಯಬಿಲಿಟಿ ನಂಬಿಕಸ್ಥ ಅಂಕಿಯಲ್ಲ. ತಗಡಿನ ದರ್ಜೆ, ಫ್ಲಕ್ಸಿನ ಮಟ್ಟ ಬದಲಾದ ಹಾಗೆ ಬದಲಾಗುತ್ತದೆ. ಅದು 3000ದ ಬದಲು 2000 ಆದರೆ ನಮ್ಮ ಇಂಡಕ್ಟೆನ್ಸ್ 1.14 ಹೆನ್ರಿ, 6000 ಆದರೆ 1.22. ಗ್ಯಾಪ್ ಇಲ್ಲದಿದ್ದರೆ ಅದೇ ಬದಲಾವಣೆಗೆ 13ರಿಂದ 38 ಹೆನ್ರಿವರೆಗೆ ಓಲಾಡುತ್ತಿತ್ತು.

ಹೆಜ್ಜೆ 5: ತಂತಿ ಕಿಟಕಿಯಲ್ಲಿ ಹಿಡಿಸುತ್ತದೆಯೇ?

ಚದರ ಮಿಮೀಗೆ 3 ಆಂಪಿಯರ್ ಎಂಬ ವಾಡಿಕೆ ಹಿಡಿದರೆ 0.43 ಆಂಪಿಯರಿಗೆ 27 ಗೇಜ್ ಎನಾಮೆಲ್ ತಂತಿ ಸರಿಹೋಗುತ್ತದೆ. ಅದರ ತಾಮ್ರದ ವ್ಯಾಸ 0.417 ಮಿಮೀ, ಎನಾಮೆಲ್ ಸೇರಿ 0.46 ಎನ್ನಿ. ಬಾಬಿನ್ (ತಂತಿ ಸುತ್ತುವ ಚೌಕಟ್ಟು) ಗೋಡೆ ಕಳೆದು ಉಳಿಯುವ ಜಾಗ ಸುಮಾರು 28 × 9 ಮಿಮೀ. ಒಂದು ಪದರಕ್ಕೆ 60 ಸುತ್ತು, 17 ಪದರ, ಒಟ್ಟು ಎತ್ತರ 7.8 ಮಿಮೀ. ಹಿಡಿಸುತ್ತದೆ, ಆದರೆ ಅಡ್ಡಾದಿಡ್ಡಿ ಸುತ್ತಿದರೆ ಹಿಡಿಸದು. ಕೈ ಪಳಗಿಲ್ಲದವರು ಇನ್ನೂ ತೆಳುವಾದ 28 ಗೇಜ್ ತೆಗೆದುಕೊಳ್ಳಿ. ಸ್ವಲ್ಪ ಹೆಚ್ಚು ಬಿಸಿಯಾಗುತ್ತದೆ, ಅಷ್ಟೆ.

27 ಗೇಜಿನಲ್ಲಿ ಒಟ್ಟು ತಂತಿ 133 ಮೀಟರ್ ಹತ್ತಿರ, ರೆಸಿಸ್ಟೆನ್ಸ್ 17 ಓಮ್. ಈ 17ನ್ನು ಬರೆದಿಟ್ಟುಕೊಳ್ಳಿ.

ಹೆಜ್ಜೆ 6: ಸುತ್ತುವುದು, ಜೋಡಿಸುವುದು

ಎರಡು-ಮೂರು ಪದರಕ್ಕೊಮ್ಮೆ ತೆಳು ಮಿಲಿನೆಕ್ಸ್ (ಇನ್ಸುಲೇಷನ್ನಿನ ಪಾಲಿಯೆಸ್ಟರ್) ಹಾಳೆ ಹಾಕಿ. ಪದರದ ತುದಿಯ ಸುತ್ತು ಜಾರಿ ಕೆಳಗಿನ ಪದರಕ್ಕೆ ಬೀಳದಂತೆ ನೋಡಿಕೊಳ್ಳಿ. ದೂರದ ಪದರಗಳ ನಡುವೆ ವೋಲ್ಟೇಜ್ ಹೆಚ್ಚಿರುತ್ತದೆ, ಎನಾಮೆಲ್ ಒಂದನ್ನೇ ನಂಬಬಾರದು.

ಟ್ರಾನ್ಸ್‌ಫಾರ್ಮರ್ ಜೋಡಿಸಿ ಅಭ್ಯಾಸವಿದ್ದವರು ಇಲ್ಲಿ ಕೈ ತಡೆಯಬೇಕು. ಅಲ್ಲಿ ಇ ತಗಡುಗಳನ್ನು ಒಂದು ಮೇಲಿನಿಂದ, ಒಂದು ಕೆಳಗಿನಿಂದ ಹೆಣೆದು ಗ್ಯಾಪ್ ಇಲ್ಲದಂತೆ ಮಾಡುತ್ತಾರೆ. ಚೋಕಿನಲ್ಲಿ ಇ ಎಲ್ಲ ಒಂದು ಕಡೆಯಿಂದ, ಐ ಎಲ್ಲ ಇನ್ನೊಂದು ಕಡೆ, ನಡುವೆ ಕಾಗದ. ಎ4 ಹಾಳೆ ಲೆಕ್ಕಕ್ಕೆ ಚೆನ್ನ, ಬಾಳಿಕೆಗೆ ಅಲ್ಲ. ಮೋಟಾರ್ ವೈಂಡಿಂಗ್ ಅಂಗಡಿಯಲ್ಲಿ ಸಿಗುವ ಲೆದರಾಯ್ಡ್ ಎಂಬ ಗಟ್ಟಿ ಇನ್ಸುಲೇಷನ್ ಕಾಗದ ಹಾಕಿ. ಏಕೆಂದರೆ ಫ್ಲಕ್ಸ್ ಶಿಖರದಲ್ಲಿದ್ದಾಗ ಐ ಪಟ್ಟಿಗಳ ಗುಂಪನ್ನು ಇ ಕಡೆಗೆ ಎಳೆಯುವ ಬಲ, 1.2 ಟೆಸ್ಲಾಕ್ಕೆ ಲೆಕ್ಕ ಹಾಕಿದರೆ, ಸುಮಾರು 690 ನ್ಯೂಟನ್, ಅಂದರೆ 70 ಕಿಲೋ ತೂಕ. ಒಬ್ಬ ಆಳು ಸೆಕೆಂಡಿಗೆ 100 ಸಲ ಆ ಕಾಗದದ ಮೇಲೆ ಹತ್ತಿ ಇಳಿದಂತೆ. ಚೋಕ್ ಗುಂಯ್ ಅನ್ನುವುದು ಇದರಿಂದಲೇ. ಕ್ಲಾಂಪ್ ಬಿಗಿಯಾಗಿ ಹಾಕಿ, ಅಳತೆ ಮುಗಿದ ಮೇಲೆ ವಾರ್ನಿಷ್‌ನಲ್ಲಿ ಅದ್ದಿ ಒಣಗಿಸಿ.

ಹೆಜ್ಜೆ 7: ಅಳೆಯುವುದು

ನೇರ 230 ವೋಲ್ಟ್‌ಗೆ ಹೋಗಬೇಡಿ. 12 ವೋಲ್ಟ್ ಎಸಿ ಕೊಡುವ ಚಿಕ್ಕ ಟ್ರಾನ್ಸ್‌ಫಾರ್ಮರ್ ತೆಗೆದುಕೊಂಡು, ಅದರ ಸೆಕೆಂಡರಿಗೆ ಇಂಡಕ್ಟರನ್ನು ಹಚ್ಚಿ, ಸರಣಿಯಲ್ಲಿ ಮಲ್ಟಿಮೀಟರನ್ನು ಎಸಿ ಮಿಲಿಆಂಪಿಯರಿನಲ್ಲಿ ಇಡಿ. ವೋಲ್ಟೇಜನ್ನೂ ಅಳೆಯಿರಿ, ಬರೆದದ್ದನ್ನು ನಂಬಬೇಡಿ. 12 ಎಂದು ಬರೆದದ್ದು ಭಾರವಿಲ್ಲದಾಗ 13-14 ತೋರಿಸುವುದುಂಟು.

ವೋಲ್ಟೇಜ್ ÷ ಕರೆಂಟ್ = ಇಂಪೀಡೆನ್ಸ್, ಅಂದರೆ ಎಸಿಗೆ ಒಡ್ಡುವ ಒಟ್ಟು ಅಡ್ಡಿ. ತಂತಿಯ 17 ಓಮ್ ರೆಸಿಸ್ಟೆನ್ಸ್ ಇದರಲ್ಲಿ ಸೇರಿದ್ದರೂ ವ್ಯತ್ಯಾಸ ಗಣನೆಗೆ ಬಾರದಷ್ಟು ಕಡಿಮೆ. ಇಂಪೀಡೆನ್ಸನ್ನು 314ರಿಂದ (2 × ಪೈ × 50) ಭಾಗಿಸಿದರೆ ಹೆನ್ರಿ. ಸರಿಯಾದ 12 ವೋಲ್ಟಿಗೆ 32.4 ಮಿಲಿಆಂಪಿಯರ್ ಬಂದರೆ 1.18 ಹೆನ್ರಿ ಸಿಕ್ಕಿತು.

ಲೆಕ್ಕಕ್ಕಿಂತ ಕರೆಂಟ್ ಹೆಚ್ಚು ಬಂದರೆ ಇಂಡಕ್ಟೆನ್ಸ್ ಕಡಿಮೆಯಾಗಿದೆ. ಹೆಚ್ಚಿನ ಸಲ ಕಾರಣ ತಗಡಿನ ಅಂಚುಗಳು ಸಮನಾಗಿ ಕೂರದೆ ಕಾಗದದ ಜೊತೆಗೆ ತಾವೂ ಒಂದಿಷ್ಟು ಸಂದಿ ಬಿಟ್ಟಿರುವುದು. ಒಂದು ಹಾಳೆ ತೆಗೆದು ನೋಡಿ. ಕರೆಂಟ್ ಕಡಿಮೆ ಬಂದರೆ ಒಂದು ಹಾಳೆ ಸೇರಿಸಿ. ಕಾಗದ ಬದಲಾಯಿಸುತ್ತ ಮೀಟರ್ ಮುಳ್ಳು ಅಲುಗುವುದನ್ನು ನೋಡುವುದರಲ್ಲಿ ಎಷ್ಟು ಕಲಿಯಬಹುದೋ ಅಷ್ಟನ್ನು ಈ ಬರಹ ಕಲಿಸಲಾರದು. ಹಾಳೆ ಎಷ್ಟು ಬದಲಿಸಿದರೂ ಕರೆಂಟ್ ಹಲವು ಪಟ್ಟು ಹೆಚ್ಚೇ ಇದ್ದು, ರೆಸಿಸ್ಟೆನ್ಸ್ ಮಾತ್ರ 17ರ ಹತ್ತಿರವೇ ಇದ್ದರೆ, ಒಳಗೆಲ್ಲೋ ಸುತ್ತು ಶಾರ್ಟ್ ಆಗಿದೆ. ಬಿಚ್ಚದೆ ದಾರಿಯಿಲ್ಲ.

ಎಲ್‌ಸಿಆರ್ ಮೀಟರ್ (ಇಂಡಕ್ಟೆನ್ಸನ್ನು ನೇರವಾಗಿ ತೋರಿಸುವ ಮೀಟರ್) ಇದ್ದವರು ಅದನ್ನು 100 ಅಥವಾ 120 ಹರ್ಟ್ಸ್‌ನಲ್ಲಿ ಇಟ್ಟು ಅಳೆಯಿರಿ. ಆದರೆ ಅದು ಚಿಟಿಕೆಯಷ್ಟು ಕರೆಂಟಿನಲ್ಲಿ ಅಳೆಯುವುದರಿಂದ ಸ್ಯಾಚುರೇಷನ್ ಎಲ್ಲಿ ಎಂದು ಎಂದೂ ಹೇಳದು. ನನ್ನ ಕಾಗದವಿಲ್ಲದ ಚೋಕನ್ನು ಕೊಟ್ಟಿದ್ದರೂ ಅದು ಮುಕ್ತಕಂಠದಿಂದ ಹೊಗಳುತ್ತಿತ್ತು.

ಸ್ಯಾಚುರೇಷನ್ ನೋಡಬೇಕೆಂದರೆ ಡಿಮ್ಮರ್‌ಸ್ಟಾಟ್ (ಎಸಿ ವೋಲ್ಟೇಜನ್ನು ಬೇಕಾದಷ್ಟು ಏರಿಸಿ ಇಳಿಸುವ ಟ್ರಾನ್ಸ್‌ಫಾರ್ಮರ್) ಬೇಕು. ಅದು ಮೇನ್ಸ್‌ನಿಂದ ಪ್ರತ್ಯೇಕಿಸುವುದಿಲ್ಲ. ಲ್ಯಾಬಿನಲ್ಲಿ, ತಿಳಿದವರೊಬ್ಬರು ಪಕ್ಕದಲ್ಲಿದ್ದಾಗ ಮಾತ್ರ ಮಾಡಿ. 40 ವೋಲ್ಟಿಗೆ 0.11, 80ಕ್ಕೆ 0.22, 120ಕ್ಕೆ 0.32, 160ಕ್ಕೆ 0.43 ಆಂಪಿಯರ್, ಹೀಗೆ ಗೆರೆ ನೇರ ಹೋಗಬೇಕು. ಎಸಿಯಲ್ಲಿ ಫ್ಲಕ್ಸನ್ನು ನಿರ್ಧರಿಸುವುದು ವೋಲ್ಟೇಜ್: ವೋಲ್ಟೇಜ್ = 4.44 × ಹರ್ಟ್ಸ್ × ಸುತ್ತು × ಶಿಖರ ಫ್ಲಕ್ಸ್. ಇದರಲ್ಲಿ 1.5 ಟೆಸ್ಲಾ ಹಾಕಿದರೆ 200 ವೋಲ್ಟ್ ಬರುತ್ತದೆ. ಅದರ ಆಸುಪಾಸಿನಲ್ಲಿ ಗೆರೆ ಬಾಗಿ, ವೋಲ್ಟೇಜ್ ಒಂದಿಷ್ಟೇ ಏರಿದರೂ ಕರೆಂಟ್ ನೆಗೆಯುತ್ತದೆ. ಬಾಗುವ ಜಾಗ ಕಂಡ ಕೂಡಲೇ ಇಳಿಸಿ.

ಫೆರೈಟ್ ಕೋರ್ ಆದರೆ

ಎಸ್‌ಎಂಪಿಎಸ್ (ಕಂಪ್ಯೂಟರ್, ಚಾರ್ಜರ್‌ಗಳಲ್ಲಿರುವ ಪವರ್ ಸಪ್ಲೈ), ಎಲ್‌ಇಡಿ ಡ್ರೈವರ್‌ಗಳ ಸಾವಿರಾರು ಹರ್ಟ್ಸ್‌ಗೆ ತಗಡು ಆಗದು, ಪಿಂಗಾಣಿಯಂಥ ಕಾಂತೀಯ ವಸ್ತು ಫೆರೈಟ್ ಬೇಕು. ಬೆಂಗಳೂರಿನ ಎಸ್.ಪಿ. ರಸ್ತೆಯಂಥ ಕಡೆ ಇಂಥ ಕೋರ್ ಸಿಗುತ್ತವೆ. ಲೆಕ್ಕದ ದಾರಿ ಅದೇ, ಬದಲಾಗುವುದು ಎರಡು. ಒಂದು, ಬಿಸಿಯಾದ ಫೆರೈಟ್ 0.35ರಿಂದ 0.4 ಟೆಸ್ಲಾಕ್ಕೇ ತುಂಬಿಕೊಳ್ಳುತ್ತದೆ, ಹಾಗಾಗಿ 0.3ಕ್ಕಿಂತ ಕೆಳಗೇ ಇರಿ. ಎರಡು, ಗ್ಯಾಪನ್ನು ನಡುಗಾಲಿನಲ್ಲೇ ಅರೆದು ಕೊಟ್ಟಿದ್ದರೆ ಫ್ಲಕ್ಸ್ ಅದನ್ನು ಒಮ್ಮೆಯೇ ದಾಟುತ್ತದೆ, ಅರ್ಧ ಮಾಡುವ ಗೋಜಿಲ್ಲ. ಅಂಥ ಕೋರಿನ ಮೇಲೆ ‘ಎಎಲ್ 250’ ಎಂದಿದ್ದರೆ ರಿಲಕ್ಟೆನ್ಸ್ ಲೆಕ್ಕವನ್ನು ತಯಾರಕರೇ ಮಾಡಿಟ್ಟಿದ್ದಾರೆ: ಸುತ್ತಿನ ವರ್ಗಕ್ಕೆ 250 ನ್ಯಾನೋಹೆನ್ರಿ. 40 ಸುತ್ತಿಗೆ 400 ಮೈಕ್ರೋಹೆನ್ರಿ.

ಕೊನೆಯ ಪರೀಕ್ಷೆ: ಬಿಸಿ

ಲ್ಯಾಬಿನಲ್ಲಿ 0.43 ಆಂಪಿಯರ್ ಹರಿಸಿ ಎರಡು ಗಂಟೆ ಬಿಡಿ. ಮುಟ್ಟಿ ನೋಡುವುದರಿಂದ ಒಳಗಿನ ಪದರದ ಬಿಸಿ ತಿಳಿಯದು. ಸಪ್ಲೈ ಬಿಚ್ಚಿ ತಕ್ಷಣ ರೆಸಿಸ್ಟೆನ್ಸ್ ಅಳೆಯಿರಿ. ಬರೆದಿಟ್ಟ 17 ಓಮ್ ಈಗ ಬೇಕಾಗುವುದು. ತಾಮ್ರದ ರೆಸಿಸ್ಟೆನ್ಸ್ ಪ್ರತಿ ಡಿಗ್ರಿಗೆ ಶೇ 0.39ರಷ್ಟು ಏರುತ್ತದೆ. ಮೀಟರ್ 20 ಓಮ್ ತೋರಿಸಿದರೆ ತಂತಿ ಸುಮಾರು 45 ಡಿಗ್ರಿ ಬಿಸಿಯೇರಿದೆ. ಕೋಣೆಯ 30 ಸೇರಿಸಿದರೆ 75, ತೊಂದರೆಯಿಲ್ಲ. 23 ಓಮ್ ತೋರಿಸಿದರೆ 120 ಡಿಗ್ರಿ ಆಯಿತು. ಆಗ 26 ಗೇಜ್ ತಂತಿ, ಅದು ಹಿಡಿಸುವ ದೊಡ್ಡ ಕಿಟಕಿಯ ಸ್ಟಾಂಪಿಂಗ್ ತಂದು ಹೆಜ್ಜೆ 2ರಿಂದ ಮತ್ತೆ ಶುರು ಮಾಡಿ. ಒಂದು ಎಚ್ಚರಿಕೆ: ಓಮ್ ಅಳೆದ ಮೇಲೆ ಪ್ರೋಬ್ ತೆಗೆಯುವಾಗ ತಂತಿಯ ತುದಿಗಳನ್ನು ಬೆರಳಲ್ಲಿ ಹಿಡಿದಿರಬೇಡಿ. ಮುಳ್ಳಿನ ಮೀಟರ್ ಆದರೆ ಅದರೊಳಗಿನ ಸೆಲ್‌ನ ಕರೆಂಟೇ ಸಾಕು, ಕಾಗದದ ಸಂದಿಯಿಂದ ಬೆರಳಿಗೆ ಚುರ್ ಅನ್ನಿಸಲು.